ಪಶು ನರ್ಸಿಂಗ್ ಆನ್‌ಲೈನ್ ಕೋರ್ಸ್: ಮೊದಲ ಅಸೈನ್‌ಮೆಂಟ್ ಹಾಕುವ ಮುಂಚೆ ಇದನ್ನು ಓದಿ

ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ಹುಡುಗ ಹುಡುಗಿಯರಿಗೆ ಮುಖ್ಯವಾಗಿ ಇದನ್ನು ಬರೆಯುತ್ತಿದ್ದೇನೆ. ಕೊಟ್ಟಿಗೆ ಕೆಲಸ ಮಾಡಿಕೊಂಡೇ ಬೆಳೆದವರು ನಾವು. ಪ್ರಾಣಿಗಳ ಜೊತೆ ಇರುವ ಕೆಲಸ ಸಿಕ್ಕರೆ ಸಾಕು ಅಂತ ಆಸೆ ಇರುತ್ತದೆ. ಅಂಥವರ ಮೊಬೈಲ್‌ಗೆ ಈಗ ಒಂದು ಜಾಹೀರಾತು ಬಿಟ್ಟೂ ಬಿಡದೆ ಬರುತ್ತದೆ: ‘ಮನೆಯಲ್ಲೇ ಕುಳಿತು ವೆಟರ್ನರಿ ನರ್ಸ್ ಆಗಿ’. ನಾನು ಅದಕ್ಕೆ ಸೇರಿದವಳು. ದುಡ್ಡು ಹೋಯಿತು, ಸಾಲ ಉಳಿಯಿತು. ದೂರು ನಡೆಯುತ್ತಾ ಇರುವುದರಿಂದ ಸಂಸ್ಥೆಯ ಹೆಸರು ಹಾಕುವುದಿಲ್ಲ. ಅವರು ಏನೇನು ಮಾಡುತ್ತಾರೆ ಅಂತ ಹೇಳುತ್ತೇನೆ, ಬೇರೆ ಹೆಸರಲ್ಲಿ ಬಂದರೂ ನಿಮಗೆ ಗುರುತು ಸಿಗಬೇಕು.

ಫೀ 28,000 ರೂಪಾಯಿ. ‘ಏಳು ದಿನದೊಳಗೆ ಬೇಡ ಅನಿಸಿದರೆ ಪೂರ್ತಿ ಹಣ ವಾಪಸ್’ ಅಂತ ಅವರ ಬ್ರೋಷರ್‌ನಲ್ಲಿ ದಪ್ಪ ಅಕ್ಷರದಲ್ಲೇ ಇತ್ತು. ಹಣ ಕಟ್ಟಿದ ಮೇಲೆ ಲಾಗಿನ್ ಕೊಟ್ಟರು. ಅದರ ಮರುದಿನದಿಂದಲೇ ಒಬ್ಬರು ಕೌನ್ಸೆಲರ್ ಫೋನ್ ಮಾಡಲು ಶುರು ಮಾಡಿದರು. ‘ಮೇಡಂ, ಫಸ್ಟ್ ಅಸೈನ್‌ಮೆಂಟ್ ತುಂಬಾ ಈಸಿ ಇದೆ, ಇವತ್ತೇ ಹಾಕಿಬಿಡಿ, ನಿಮ್ಮ ಬ್ಯಾಚ್‌ನಲ್ಲಿ ಎಲ್ಲರೂ ಹಾಕಿ ಆಯ್ತು.’ ಬೆಳಿಗ್ಗೆ ಒಂದು ಫೋನ್, ಸಂಜೆ ಒಂದು ಫೋನ್. ಇಷ್ಟು ಕಾಳಜಿ ಯಾವ ಕಾಲೇಜಿನವರು ಮಾಡುತ್ತಾರೆ ಅಂತ ನಮ್ಮ ಆಯಿಗೆ ಖುಷಿಯೋ ಖುಷಿ.

ಆ ಮೊದಲ ಅಸೈನ್‌ಮೆಂಟ್ ಏನು ಗೊತ್ತಾ? ‘ನಿಮಗೆ ಪ್ರಾಣಿಗಳೆಂದರೆ ಯಾಕೆ ಇಷ್ಟ, 200 ಪದಗಳಲ್ಲಿ ಬರೆಯಿರಿ.’ ಅಷ್ಟೇ. ನಾನು ನಮ್ಮ ಮಲೆನಾಡು ಗಿಡ್ಡ ಹಸುವಿನ ಬಗ್ಗೆ ಬರೆದು ಹಾಕಿದೆ. ‘ಎಕ್ಸಲೆಂಟ್’ ಅಂತ ಬಂತು, ಪಕ್ಕದಲ್ಲಿ ಒಂದು ನಕ್ಷತ್ರ ಬೇರೆ.

ಕೋರ್ಸ್‌ನ ನಿಯಮಗಳಿರುವ ಹ್ಯಾಂಡ್‌ಬುಕ್ ಪಿಡಿಎಫ್ ಲಾಗಿನ್ ಒಳಗೆ ಇತ್ತು. ಅದೂ ಮೊದಲ ಅಸೈನ್‌ಮೆಂಟ್ ಹಾಕಿದ ಮೇಲೆ ತೆರೆದುಕೊಳ್ಳುವ ಭಾಗದಲ್ಲಿ. ಅದರಲ್ಲಿ ಒಂದು ಸಾಲು: ಯಾವುದೇ ಅಸೈನ್‌ಮೆಂಟ್ ಸಬ್‌ಮಿಟ್ ಆದರೆ ಕೋರ್ಸ್ ಬಳಸಲು ಶುರು ಮಾಡಿದಂತೆ, ಅಲ್ಲಿಂದ ಮುಂದೆ ಶುಲ್ಕ ವಾಪಸ್ ಇಲ್ಲ. ಅಂದರೆ ಏಳು ದಿನದೊಳಗೆ ನಮ್ಮ ಕೈಯಿಂದ ಏನಾದರೂ ಒಂದು ಫೈಲ್ ಹಾಕಿಸಿಬಿಟ್ಟರೆ ಅವರ ಕೆಲಸ ಮುಗಿಯಿತು. ಎರಡು ಹೊತ್ತಿನ ಫೋನ್ ಇದಕ್ಕೇ. ಫೈಲ್ ಹೋದ ದಿನವೇ ಫೋನ್ ನಿಂತಿತು. ಆಮೇಲೆ ನಾನಾಗಿ ಮಾಡಿದರೂ ಆ ನಂಬರ್ ಎತ್ತುವವರಿಲ್ಲ.

ಎರಡನೇ ಅಸೈನ್‌ಮೆಂಟ್‌ನಿಂದ ಬೇರೆ ವರಸೆ ಶುರುವಾಯಿತು. ಪಾಸ್ ಆಗದಿದ್ದರೆ ಮತ್ತೆ ಸಬ್‌ಮಿಟ್ ಮಾಡಬೇಕು, ಪ್ರತಿ ಸಲ 850 ರೂಪಾಯಿ ‘ರೀಅಸೆಸ್‌ಮೆಂಟ್’ ಶುಲ್ಕ. ತಡವಾದರೆ ಅದಕ್ಕೆ ಬೇರೆ ದಂಡ. ತಡ ಅಂದರೆ ಅವರ ಲೆಕ್ಕದಲ್ಲಿ ಅಪ್‌ಲೋಡ್ ಮುಗಿದ ಹೊತ್ತು, ಶುರು ಮಾಡಿದ ಹೊತ್ತಲ್ಲ. ಆಷಾಢದ ಮಳೆಯಲ್ಲಿ ಕರೆಂಟ್ ಹೋದರೆ ಹಿಂದೆಯೇ ಟವರ್ ಹೋಗುತ್ತದೆ ನಮ್ಮಲ್ಲಿ. ನಾಯಿಗೆ ಮೂತಿ ಪಟ್ಟಿ ಕಟ್ಟುವ ವಿಡಿಯೋ ಒಂದನ್ನು ಕಳಿಸಲು ಸಿಗ್ನಲ್ ಹುಡುಕಿಕೊಂಡು ದರೆ ಹತ್ತಿ ಕೊಡೆ ಹಿಡಿದು ನಿಂತಿದ್ದೆ. ಇದು ಹೋಗಲಿ, ನಮ್ಮ ಕಡೆಯವರಿಗೆಲ್ಲ ಅಭ್ಯಾಸ ಇರುವುದೇ.

ನನಗೆ ತಲೆಕೆಟ್ಟಿದ್ದು ಔಷಧದ ಲೆಕ್ಕದಲ್ಲಿ. ಪ್ರಶ್ನೆ ಹೀಗಿತ್ತು: ನಾಯಿಯ ತೂಕ 12 ಕೆಜಿ. ಔಷಧ ಕೆಜಿಗೆ 5 ಮಿಲಿಗ್ರಾಂ ಕೊಡಬೇಕು. ಬಾಟಲಿಯಲ್ಲಿ ಒಂದು ಎಂಎಲ್‌ಗೆ 50 ಮಿಲಿಗ್ರಾಂ ಇದೆ. ಎಷ್ಟು ಎಂಎಲ್ ಎಳೆದುಕೊಳ್ಳಬೇಕು? ಹನ್ನೆರಡೈದ್ಲಿ ಅರವತ್ತು, ಅರವತ್ತನ್ನು ಐವತ್ತರಿಂದ ಭಾಗಿಸಿದರೆ 1.2 ಎಂಎಲ್. ಹೈಸ್ಕೂಲ್ ಮಕ್ಕಳೂ ಮಾಡುತ್ತಾರೆ. ನಾನು ಹಂತ ಹಂತವಾಗಿ ಬರೆದು ಹಾಕಿದೆ. ‘ನಾಟ್ ಯೆಟ್ ಕಾಂಪಿಟೆಂಟ್’, ಅಂದರೆ ಫೇಲ್, ಅಂತ ವಾಪಸ್ ಬಂತು. ಜೊತೆಗೆ ಮಾದರಿ ಉತ್ತರದ ಹಾಳೆ. ಅದರಲ್ಲಿ ಉತ್ತರ 12 ಎಂಎಲ್! ಯಾರೋ ಟೈಪ್ ಮಾಡುವಾಗ ಚುಕ್ಕಿ ಬಿಟ್ಟಿದ್ದಾರೆ. ಚುಕ್ಕಿ ಬಿದ್ದು ಹೋದ ಹಾಳೆಯನ್ನು ಯಾರೂ ತಿರುಗಿ ನೋಡಿಲ್ಲ. ಕೆಳಗೆ ಪರೀಕ್ಷಕರ ಟಿಪ್ಪಣಿ: ‘ಉತ್ತರದಲ್ಲಿ ಆಳ ಸಾಲದು. ಮಾಡ್ಯೂಲ್ ಮತ್ತೊಮ್ಮೆ ಓದಿ.’ ಭಾಗಾಕಾರದಲ್ಲಿ ಎಂತಾ ಆಳ?

ತಪ್ಪನ್ನು ತೋರಿಸಿ ಮೇಲ್ ಹಾಕಿದೆ. ಪರಿಶೀಲಿಸಬೇಕಾದರೆ ರೀಅಸೆಸ್‌ಮೆಂಟ್ ಶುಲ್ಕ ಕಟ್ಟಿ ಅಂತ ಉತ್ತರ ಬಂತು. ಕಟ್ಟಿದೆ. ಅದೇ ಟಿಪ್ಪಣಿ, ಅಕ್ಷರ ಕೂಡ ಬದಲಾಗದೆ ವಾಪಸ್ ಬಂತು. ಆಗ ನಮ್ಮ ಬ್ಯಾಚ್‌ನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಉಳಿದವರನ್ನು ಕೇಳಿದೆ. ಬೇರೆ ಬೇರೆ ಅಸೈನ್‌ಮೆಂಟ್‌ಗೆ, ಬೇರೆ ಬೇರೆ ಜನರಿಗೆ ಅದೇ ‘ಆಳ ಸಾಲದು’. ನಾವು ಬರೆದಿದ್ದನ್ನು ಓದುವವರು ಅಲ್ಲಿ ಯಾರೂ ಇಲ್ಲ ಅಂತ ನನಗೆ ಆವತ್ತೇ ಖಾತ್ರಿಯಾಯಿತು.

ಅದೇ ಗುಂಪಿನಲ್ಲಿ ‘ಸೀನಿಯರ್’ ಅಂತ ಹೇಳಿಕೊಳ್ಳುವ ಒಬ್ಬ ಇದ್ದ. ಫೇಲ್ ಆದವರಿಗೆಲ್ಲ ಖಾಸಗಿಯಾಗಿ ಮೆಸೇಜ್ ಮಾಡುತ್ತಿದ್ದ: ಒಂದು ಅಸೈನ್‌ಮೆಂಟ್ ಬರೆದುಕೊಡಲು 500 ರೂಪಾಯಿ, ಪಾಸ್ ಗ್ಯಾರಂಟಿ. ಅವನು ಕಳಿಸಿದ ಕ್ಯೂಆರ್ ಸ್ಕ್ಯಾನ್ ಮಾಡಿ ನೋಡಿದೆ, ಹಣ ಕಳಿಸಲಿಲ್ಲ. ಖಾತೆಯ ಹೆಸರು ನಾನು ರೀಅಸೆಸ್‌ಮೆಂಟ್ ಶುಲ್ಕ ಕಟ್ಟಿದ ಖಾತೆಯದೇ. ಫೇಲ್ ಮಾಡುವವರೂ ಅವರೇ, ಪಾಸ್ ಮಾಡಿಸುವವರೂ ಅವರೇ!

ಪ್ರಶ್ನೆಗಳು ಎಲ್ಲಿಂದ ಬಂದವು ಅನ್ನುವುದು ಉಣುಗಿನ (ದನ, ನಾಯಿಯ ಮೈಗೆ ಅಂಟಿಕೊಂಡು ರಕ್ತ ಹೀರುವ ಹುಳದ) ಅಸೈನ್‌ಮೆಂಟ್‌ನಲ್ಲಿ ಗೊತ್ತಾಯಿತು. ‘ಉಣುಗಿನಿಂದ ಮನುಷ್ಯರಿಗೆ ಬರುವ ಒಂದು ಕಾಯಿಲೆಯ ಬಗ್ಗೆ ಬರೆಯಿರಿ, ಪ್ರಾಣಿ ಸಾಕುವವರಿಗೆ ನೀವು ಏನು ಹೇಳುತ್ತೀರಿ?’ ನಾನು ಮಂಗನ ಕಾಯಿಲೆ ಬರೆದೆ. ಇನ್ನೇನು ಬರೆಯಲಿ? 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾಗಿದ್ದು, ನಮ್ಮ ಸಿದ್ದಾಪುರದಲ್ಲಿ ಜನ ಸತ್ತಿದ್ದಾರೆ. ಮಂಗ ಸತ್ತು ಬಿದ್ದಲ್ಲಿ ಹೋಗಬೇಡಿ, ಕಾಡಿಗೆ ಹೋಗುವಾಗ ಮೈತುಂಬ ಬಟ್ಟೆ ಹಾಕಿ, ಬಂದ ಮೇಲೆ ಬಿಸಿನೀರಲ್ಲಿ ಮೀಯಿರಿ, ಬೆಟ್ಟಕ್ಕೆ ಮೇಯಲು ಹೋಗುವ ದನದ ಮೈಯಲ್ಲಿ ಉಣುಗು ನೋಡಿ ತೆಗೆಯಿರಿ ಅಂತೆಲ್ಲ ಬರೆದೆ. ದನಗಳು ಈ ವೈರಸ್ಸನ್ನು ಹರಡುವುದಿಲ್ಲ, ಆದರೆ ಉಣುಗಿನ ಸಂಖ್ಯೆ ಹೆಚ್ಚಲು ಕಾರಣವಾಗುತ್ತವೆ ಅನ್ನುವುದನ್ನೂ ಸೇರಿಸಿದೆ. ‘ವಿಷಯಕ್ಕೆ ಸಂಬಂಧಿಸಿಲ್ಲ’ ಅಂತ ಫೇಲ್. ಮಾದರಿ ಉತ್ತರದಲ್ಲಿ ಇದ್ದಿದ್ದು ಲೈಮ್ ಡಿಸೀಸ್, ಯುರೋಪ್, ಅಮೆರಿಕ ಕಡೆಯ ಉಣುಗಿನ ಕಾಯಿಲೆ. ಮುಂದಿನ ಪ್ರಶ್ನೆ, ಕ್ಲಿನಿಕ್‌ಗೆ ಗಾಯಗೊಂಡ ಹೆಡ್ಜ್‌ಹಾಗ್ (ಬ್ರಿಟನ್ನಿನ ಕಡೆ ಕಾಣುವ, ಮೈಮೇಲೆ ಮುಳ್ಳಿರುವ ಸಣ್ಣ ಪ್ರಾಣಿ) ತಂದರೆ ಏನು ಮಾಡುತ್ತೀರಿ. ಶಿರಸಿಯಲ್ಲಿ ಮುಳ್ಳುಹಂದಿಯನ್ನು ಅಟ್ಟಿಸಿಕೊಂಡು ಹೋಗಿ ಮುಖಕ್ಕೆ ಮುಳ್ಳು ಚುಚ್ಚಿಸಿಕೊಂಡ ನಾಯಿ ಬರುತ್ತದೆ, ಅದರ ಬಗ್ಗೆ ಒಂದು ಸಾಲೂ ಇಲ್ಲ. ಕಾನೂನಿನ ಮಾಡ್ಯೂಲ್ ಅಂತೂ ಪೂರ್ತಿ ಅನಿಮಲ್ ವೆಲ್ಫೇರ್ ಆ್ಯಕ್ಟ್ 2006. ಅದು ಇಂಗ್ಲೆಂಡ್ ಮತ್ತು ವೇಲ್ಸ್‌ನ ಕಾಯ್ದೆ. ನಮ್ಮದು 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ. ಬ್ರಿಟನ್ನಿನ ಯಾವುದೋ ಪಾಠವನ್ನು ಎತ್ತಿ ತಂದು ಇಲ್ಲಿ ಮಾರುತ್ತಿದ್ದಾರೆ.

ಮೂಲ ಪಾಠ ಚೆನ್ನಾಗಿಯೇ ಇರಬಹುದು. ಬ್ರಿಟನ್ನಿನಲ್ಲಿ ವೆಟರ್ನರಿ ನರ್ಸ್ ಅಂದರೆ ದೊಡ್ಡ ವೃತ್ತಿ. ರಾಯಲ್ ಕಾಲೇಜ್ ಆಫ್ ವೆಟರ್ನರಿ ಸರ್ಜನ್ಸ್ ಅವರಿಗಾಗಿಯೇ ಒಂದು ರಿಜಿಸ್ಟರ್ ಇಟ್ಟಿದೆ. ಅದರಲ್ಲಿ ಹೆಸರು ಬರಬೇಕಾದರೆ ಮಾನ್ಯತೆ ಪಡೆದ ಕೋರ್ಸ್ ಮಾಡಬೇಕು, ಜೊತೆಗೆ ನಿಜವಾದ ಪ್ರಾಣಿ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಕೆಲಸ ಕಲಿಯಬೇಕು. ಬರೀ ಪಿಡಿಎಫ್ ಕಳಿಸಿ ಅಲ್ಲೂ ಯಾರೂ ನರ್ಸ್ ಆಗುವುದಿಲ್ಲ.

ಇಲ್ಲಿನ ಲೆಕ್ಕ ಬೇರೆ, ಅದನ್ನು ನನಗೆ ಬಿಡಿಸಿ ಹೇಳಿದವರು ನಮ್ಮ ಕಡೆಯ ದನದ ಡಾಕ್ಟರು. ಪ್ರಾಕ್ಟಿಕಲ್ ಲಾಗ್‌ಬುಕ್‌ಗೆ ಪಶುವೈದ್ಯರ ಸಹಿ ಬೇಕಿತ್ತು, ಅದಕ್ಕೆ ಅವರ ಹತ್ತಿರ ಹೋಗಿದ್ದೆ. ಅವರು ಹಾಳೆ ತಿರುಗಿಸುತ್ತಾ ಔಷಧದ ಲೆಕ್ಕಕ್ಕೆ ಬಂದು ಕನ್ನಡಕ ಮೇಲೆ ಮಾಡಿದರು. ‘ಹತ್ತು ಪಟ್ಟು ಆಯ್ತಲ್ಲ ತಂಗಿ! ಯಾರು ಇದನ್ನ ಕಲಿಸೋರು?’ ಸಹಿ ಹಾಕಲಿಲ್ಲ. ‘ನಾನು ಸಹಿ ಹಾಕಿದರೆ, ಇವಳಿಗೆ ಇಂಜೆಕ್ಷನ್ ಕೊಡಲು ಬರುತ್ತದೆ ಅಂತ ಬರೆದುಕೊಟ್ಟ ಹಾಗೆ. ನಾಳೆ ಏನಾದರೂ ಆದರೆ ಇಬ್ಬರೂ ಸಿಕ್ಕಿಬೀಳ್ತೇವೆ’ ಅಂದರು. ಆಮೇಲೆ ಕೂರಿಸಿ ವಿವರಿಸಿದರು. ಭಾರತೀಯ ಪಶುವೈದ್ಯಕೀಯ ಪರಿಷತ್ ಕಾಯ್ದೆ 1984ರ ಪ್ರಕಾರ ರಿಜಿಸ್ಟರ್ ಇರುವುದು ಪಶುವೈದ್ಯರಿಗೆ ಮಾತ್ರ. ಸಣ್ಣಪುಟ್ಟ ಚಿಕಿತ್ಸೆಯನ್ನು ಬೇರೆಯವರು ಮಾಡಬೇಕಾದರೆ 30ನೇ ಸೆಕ್ಷನ್ ನೋಡಬೇಕು: ಮಾನ್ಯ ಡಿಪ್ಲೊಮಾ ಅಥವಾ ಸರ್ಟಿಫಿಕೇಟ್ ಇರಬೇಕು, ರಾಜ್ಯ ಸರ್ಕಾರದ ಆದೇಶ ಇರಬೇಕು, ರಿಜಿಸ್ಟರ್ ಆದ ಪಶುವೈದ್ಯರ ಮೇಲ್ವಿಚಾರಣೆಯೂ ಇರಬೇಕು. ‘ವೆಟರ್ನರಿ ನರ್ಸ್’ ಅಂತ ರಿಜಿಸ್ಟರ್ ಇಲ್ಲಿ ಇಲ್ಲವೇ ಇಲ್ಲ. ನಮ್ಮಲ್ಲಿ ಈ ಕೆಲಸ ಕಲಿಯುವವರು ಮಾಡುವುದು ಪಶುಸಂಗೋಪನೆ ಡಿಪ್ಲೊಮಾ. ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕೆಳಗೆ ಇರುವ ಪಾಲಿಟೆಕ್ನಿಕ್‌ಗಳಲ್ಲಿ ಅದನ್ನು ಎಸ್ಸೆಸ್ಸೆಲ್ಸಿ ಮೇಲೆ ಮಾಡಬಹುದು. ಅಲ್ಲಿ ದನ ಹಿಡಿದು ಕಲಿಸುತ್ತಾರೆ, ಮೊಬೈಲ್ ಹಿಡಿದು ಅಲ್ಲ. ಇನ್ನು ಹುಬ್ಬಳ್ಳಿ, ಗೋವಾ ಕಡೆ ಪೆಟ್ ಕ್ಲಿನಿಕ್‌ನಲ್ಲಿ ಹೆಲ್ಪರ್ ಆಗಿ ಸೇರುವುದಾದರೆ 28,000 ರೂಪಾಯಿಯ ಈ ಕಾಗದ ಯಾರೂ ಕೇಳುವುದಿಲ್ಲ.

ಡಾಕ್ಟರು ಸಹಿ ಹಾಕಲಿಲ್ಲ ಅಂತ ಸಂಸ್ಥೆಗೆ ತಿಳಿಸಿದೆ. ಅವರ ಉತ್ತರ ನೋಡಿ: ‘ಚಿಂತೆ ಬೇಡ, ನಮ್ಮ ಪಾರ್ಟ್‌ನರ್ ಡಾಕ್ಟರ್ ಸಹಿ ಮತ್ತು ಸೀಲ್ ಹಾಕಿಕೊಡುತ್ತಾರೆ, 4,000 ರೂಪಾಯಿ.’ ನನ್ನ ಮುಖ ನೋಡದ, ನಾನು ಸಿರಿಂಜ್ ಹಿಡಿದಿದ್ದನ್ನು ನೋಡದ ಯಾರೋ ಒಬ್ಬರು ನನಗೆ ಇಂಜೆಕ್ಷನ್ ಕೊಡಲು ಬರುತ್ತದೆ ಅಂತ ಸೀಲ್ ಒತ್ತುತ್ತಾರಂತೆ! ಅಲ್ಲಿಗೆ ನಾನು ಸಬ್‌ಮಿಟ್ ಮಾಡುವುದನ್ನು ನಿಲ್ಲಿಸಿದೆ. ಹಣ ಕಳೆದುಕೊಂಡ ಸಿಟ್ಟಿಗಿಂತ ನನಗೆ ಈ ವಿಷಯದ ಸಿಟ್ಟು ಜಾಸ್ತಿ. ಆ ಮಾದರಿ ಉತ್ತರವನ್ನೇ ಬಾಯಿಪಾಠ ಮಾಡಿ, ಆ ಸೀಲ್ ಹಾಕಿಸಿಕೊಂಡು ಯಾರಾದರೂ ಒಬ್ಬರ ಮನೆಯ ನಾಯಿಗೆ ಸೂಜಿ ಹಾಕಿದರೆ ಗತಿ ಏನು?

ಫೀ ಕಟ್ಟಲು ಮಾಡಿಕೊಂಡ ಕಂತಿನ ವಿಷಯ ಇನ್ನೊಂದು. ‘ಬಡ್ಡಿ ಇಲ್ಲದ ಕಂತು’ ಅಂತ ಫೋನಿನಲ್ಲಿ ಹೇಳಿದ್ದರು. ಒಟಿಪಿ ಕೇಳಿದ್ದು ‘ಅಡ್ಮಿಷನ್ ಕನ್ಫರ್ಮ್ ಮಾಡಲು’ ಅಂತ. ನಿಜದಲ್ಲಿ ಅದು ಒಂದು ಫೈನಾನ್ಸ್ ಕಂಪನಿಯಿಂದ ನನ್ನ ಹೆಸರಿನಲ್ಲಿ ಎತ್ತಿದ ಸಾಲ. ಸಂಸ್ಥೆಗೆ ಪೂರ್ತಿ ದುಡ್ಡು ಮೊದಲೇ ಹೋಗಿದೆ. ಕೋರ್ಸ್ ಬಿಟ್ಟರೂ ಕಂತು ಬಿಡುವ ಹಾಗಿಲ್ಲ, ಸಿಬಿಲ್ (ಸಾಲ ತೀರಿಸಿದ ದಾಖಲೆಯ ಅಂಕ) ಹಾಳಾಗುತ್ತದೆ. ಅಪ್ಪ ಅಡಿಕೆ ಮಾರಿದ ದುಡ್ಡಿನಲ್ಲಿ ಈಗಲೂ ಕಟ್ಟುತ್ತಿದ್ದಾರೆ. ಡಿಜಿಟಲ್ ಸಾಲ ತೆಗೆದುಕೊಂಡ ಮೇಲೆ ಬೇಡ ಅನಿಸಿದರೆ ಹೊರಬರಲು ಒಂದು ‘ಕೂಲಿಂಗ್ ಆಫ್’ ಅವಧಿ ಕೊಡಬೇಕು ಅಂತ ಆರ್‌ಬಿಐ ನಿಯಮ ಇದೆ. ಅದರೊಳಗೆ ಅಸಲು ಮತ್ತು ಅಷ್ಟು ದಿನದ ಬಡ್ಡಿ ಕಟ್ಟಿದರೆ ದಂಡ ಇಲ್ಲದೆ ಸಾಲ ಮುಗಿಸಬಹುದು. ಆದರೆ ಅದು ಸಾಲ ಅಂತಲೇ ಹೇಳದಿದ್ದರೆ ಅವಧಿ ಲೆಕ್ಕ ಹಾಕುವುದು ಹೇಗೆ?

ಈಗ ಸೇರಬೇಕು ಅಂತಿರುವವರು ದುಡ್ಡು ಕೊಡುವ ಮುಂಚೆ ಅವರನ್ನು ಒಂದೇ ಒಂದು ವಿಷಯ ಕೇಳಿ: ತಿದ್ದಿ ಮಾರ್ಕ್ ಹಾಕಿದ ಹಳೆಯ ಅಸೈನ್‌ಮೆಂಟ್ ಒಂದನ್ನು ತೋರಿಸಿ, ವಿದ್ಯಾರ್ಥಿಯ ಹೆಸರು ಅಳಿಸಿದರೂ ಪರವಾಗಿಲ್ಲ. ತಿದ್ದಿದವರು ಯಾರು, ಅವರ ವೆಟರ್ನರಿ ಕೌನ್ಸಿಲ್ ನೋಂದಣಿ ಸಂಖ್ಯೆ ಏನು ಅಂತಲೂ ಕೇಳಿ. ಸರಿಯಾದ ಕಡೆಯವರಿಗೆ ಇದು ಎರಡು ನಿಮಿಷದ ಕೆಲಸ. ನಾನು ಈಚೆಗೆ ಸುಮ್ನೆ ಹೊಸಬಳ ಹಾಗೆ ಫೋನ್ ಮಾಡಿ ಇದನ್ನು ಅವರಿಗೇ ಕೇಳಿದೆ. ‘ಅದು ಕಾನ್ಫಿಡೆನ್ಷಿಯಲ್ ಮೇಡಂ, ಸೀಟ್ ಇರೋದು ಇವತ್ತಿಗೆ ಮಾತ್ರ’ ಅಂದರು.

ಈಗಾಗಲೇ ಕಟ್ಟಿದ್ದೀರಿ, ಇನ್ನೂ ಏನೂ ಸಬ್‌ಮಿಟ್ ಮಾಡಿಲ್ಲ ಅಂದರೆ ದಯವಿಟ್ಟು ಮಾಡಬೇಡಿ. ಅವರು ಎಷ್ಟು ಫೋನ್ ಮಾಡಿದರೂ ಸರಿ. ಹಣ ವಾಪಸ್ ಬೇಕು ಅಂತ ಮೇಲ್ ಹಾಕಿ, ಫೋನಿನಲ್ಲಿ ಹೇಳಿದರೆ ಸಾಕ್ಷಿ ಇರುವುದಿಲ್ಲ. ಸಬ್‌ಮಿಟ್ ಮಾಡಿ ಸಿಕ್ಕಿಬಿದ್ದವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಅಲ್ಲಿ ಬಗೆಹರಿಯದಿದ್ದರೆ ಕಾರವಾರದ ಜಿಲ್ಲಾ ಗ್ರಾಹಕ ಆಯೋಗ. ಸಂಸ್ಥೆ ಯಾವ ಊರಲ್ಲೇ ಇರಲಿ, 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ನಾವು ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. 5 ಲಕ್ಷದವರೆಗೆ ಶುಲ್ಕವೂ ಇಲ್ಲ. ಪ್ರತಿ ಸಲ ಘಟ್ಟ ಇಳಿದು ಕಾರವಾರಕ್ಕೆ ಹೋಗಬೇಕಲ್ಲ ಅಂತ ನಮ್ಮ ಮನೆಯಲ್ಲೂ ಹಿಂದೇಟು ಹಾಕಿದರು. ದೂರನ್ನು ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಹಾಕಬಹುದು, ಕೇಳಿಕೊಂಡರೆ ವಿಡಿಯೋ ಮೂಲಕ ವಿಚಾರಣೆಗೂ ಕಾಯ್ದೆಯಲ್ಲಿ ಅವಕಾಶ ಇದೆ. ಸಾಲದ ಕಂಪನಿಯ ಮೇಲಿನ ದೂರು ಬೇರೆ. ಮೊದಲು ಆ ಕಂಪನಿಗೇ ಬರೆದು ಕೊಡಿ, ಅಲ್ಲಿ ಆಗದಿದ್ದರೆ ಇಂಥ ದೂರು ವಿಚಾರಿಸುವ ಆರ್‌ಬಿಐ ಒಂಬುಡ್ಸ್‌ಮನ್‌ಗೆ.

ದೂರು ಕೊಡುವ ಮುಂಚೆಯೇ ಕೋರ್ಸ್‌ನ ಪೋರ್ಟಲ್‌ನಲ್ಲಿ ಇರುವುದನ್ನೆಲ್ಲ ಇಳಿಸಿಕೊಳ್ಳಿ. ಹ್ಯಾಂಡ್‌ಬುಕ್, ಮಾದರಿ ಉತ್ತರ, ಟಿಪ್ಪಣಿ, ಸಬ್‌ಮಿಟ್ ಆದ ದಿನಾಂಕ, ಕೌನ್ಸೆಲರ್ ಫೋನ್ ಬಂದ ಕಾಲ್ ಲಿಸ್ಟ್, ಎಲ್ಲ. 1915ಕ್ಕೆ ದೂರು ದಾಖಲಾದ ಕೂಡಲೇ ನನ್ನ ಲಾಗಿನ್ ಮುಚ್ಚಿದರು. ಚುಕ್ಕಿ ಬಿದ್ದುಹೋದ ಆ ಹಾಳೆಯನ್ನು ಡಾಕ್ಟರಿಗೆ ತೋರಿಸಲು ಮೊದಲೇ ಪ್ರಿಂಟ್ ತೆಗೆಸಿದ್ದೆ, ಹಾಗಾಗಿ ಅದು ಉಳಿದಿದೆ. ಇದೇ ಥರದ ಕೋರ್ಸ್ ಮಾಡಿದವರು ನಿಮ್ಮಲ್ಲಿ ಯಾರಾದರೂ ಇದ್ದು, ನಿಮಗೂ ‘ಆಳ ಸಾಲದು’ ಅಂತ ಬಂದಿದ್ದರೆ ತಿಳಿಸಿ. ಒಬ್ಬೊಬ್ಬರೇ ಕೊಡುವುದಕ್ಕಿಂತ ಸೇರಿ ಕೊಟ್ಟರೆ ದೂರಿಗೆ ಬಲ ಬರುತ್ತದೆ.