ಉದ್ಯೋಗಿ ಸಮೀಕ್ಷೆ ಪ್ಯಾಕೇಜು: ಎರಡನೇ ದಿನಕ್ಕೆ ಮಾತ್ರ ದುಡ್ಡು ಕೊಡಬಹುದು

ಶಿವಮೊಗ್ಗ ಬಳಿಯ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದ ಫೌಂಡ್ರಿಗಳಂಥ (ಲೋಹ ಎರಕದ ಕಾರ್ಖಾನೆಗಳಂಥ) ಮಧ್ಯಮ ಘಟಕಗಳನ್ನು ಗುರಿಯಾಗಿಟ್ಟು ಮಾರುವ ಸೇವೆ ಇದು. ಮೊದಲ ದಿನ ಪ್ರಶ್ನಾವಳಿ ಮತ್ತು ಉಪನ್ಯಾಸ, ಎರಡನೇ ದಿನ ಸೂಪರ್‌ವೈಸರ್‌ಗಳ ಜತೆ ಕೆಲಸದ ವಿನ್ಯಾಸ, ಆಮೇಲೆ ಬಣ್ಣಬಣ್ಣದ ವರದಿ. ಸಂಸ್ಥೆಯ ಹೆಸರು ಬೇಡ. ಇದೇ ಸರಕನ್ನು ಬೇರೆ ಬೇರೆ ಹೊದಿಕೆಯಲ್ಲಿ ಮಾರುವವರು ಇನ್ನೂ ಇದ್ದಾರೆ, ತಪ್ಪುಗಳೂ ಹೆಚ್ಚುಕಡಿಮೆ ಇವೇ.

ಮೊದಲು ಎರಡನೇ ದಿನದ ವಿಷಯ, ಯಾಕೆಂದರೆ ಅದು ನಿಜಕ್ಕೂ ಚೆನ್ನಾಗಿದೆ. ಹ್ಯಾಕ್‌ಮನ್ ಮತ್ತು ಓಲ್ಡ್‌ಹ್ಯಾಮ್ ಎಂಬ ಅಮೆರಿಕದ ಸಂಶೋಧಕರು 1970ರ ದಶಕದಲ್ಲಿ ಕೊಟ್ಟ ಮಾದರಿಯನ್ನು ಇಟ್ಟುಕೊಂಡು ಒಂದೊಂದೇ ಕೆಲಸವನ್ನು ಬಿಡಿಸಿ ನೋಡುತ್ತಾರೆ. ಐದು ಅಂಶ: ಕೌಶಲದ ವೈವಿಧ್ಯ, ಕೆಲಸದ ಇಡಿತನ (ಮೊದಲಿಂದ ಕೊನೆಯವರೆಗೆ ಒಂದು ವಸ್ತು ತನ್ನ ಕೈಯಲ್ಲೇ ಆಯಿತೇ ಎನ್ನುವುದು), ಮಹತ್ವ, ಸ್ವಂತ ನಿರ್ಧಾರಕ್ಕೆ ಅವಕಾಶ, ಫಲಿತಾಂಶ ತನಗೇ ತಿಳಿಯುವುದು. ಪ್ರತಿಯೊಂದಕ್ಕೂ 1ರಿಂದ 7 ಅಂಕ. ಮೊದಲ ಮೂರರ ಸರಾಸರಿಯನ್ನು ಕೊನೆಯ ಎರಡರಿಂದ ಗುಣಿಸಬೇಕು, ಗರಿಷ್ಠ 343.

ಮೋಲ್ಡಿಂಗ್ (ಮರಳಿನ ಅಚ್ಚು) ಮಾಡುವವನ ಲೆಕ್ಕ ನೋಡಿ. ವೈವಿಧ್ಯ 5, ಇಡಿತನ 4, ಮಹತ್ವ 6 ಎಂದಿಟ್ಟುಕೊಂಡರೆ ಸರಾಸರಿ 5. ನಿರ್ಧಾರದ ಅವಕಾಶ 4. ಫಲಿತಾಂಶದ ಅರಿವು ಬರೀ 2. ಗುಣಿಸಿದರೆ 40. ಆ 2 ಯಾಕೆ? ಮರಳಿನಲ್ಲಿ ತೇವ ಹೆಚ್ಚಾದರೆ ಎರಕದೊಳಗೆ ಬ್ಲೋಹೋಲ್ (ಗಾಳಿತೂತು) ಬೀಳುತ್ತದೆ. ಆದರೆ ಮೇಲ್ಮೈಯ ಅಡಿಯಲ್ಲಿರುವ ತೂತು ಫೆಟ್ಲಿಂಗ್‌ನಲ್ಲೂ (ಎರಕವನ್ನು ಉಜ್ಜಿ ಶುಚಿಮಾಡುವಾಗ) ಕಾಣಲಿಕ್ಕಿಲ್ಲ, ಗಿರಾಕಿಯ ಕಡೆ ಮಷಿನಿಂಗ್ ಆಗುವಾಗಲೇ ಬಯಲಾಗುವುದು. ಮಾಲು ವಾಪಸು ಬರುವ ಹೊತ್ತಿಗೆ ಆ ದಿನದ ಮರಳು ಹೇಗಿತ್ತು, ಯಾವ ಶಿಫ್ಟಿನದು, ಯಾರಿಗೂ ನೆನಪಿಲ್ಲ. ಬೈಗುಳ ಮಾತ್ರ ಎಲ್ಲರಿಗೂ ಸಮಪಾಲು. ಎರಕದ ಮೇಲೆ ತಾರೀಖು ಮತ್ತು ಹೀಟ್ ನಂಬರ್ (ಲೋಹವನ್ನು ಯಾವ ಸಲ ಕರಗಿಸಿದ್ದೆಂಬ ಸಂಖ್ಯೆ) ಮೂಡಿಸಿ, ವಾಪಸು ಬಂದ ತುಂಡನ್ನು ಮೋಲ್ಡಿಂಗ್ ಜಾಗದಲ್ಲೇ ಮೇಜಿನ ಮೇಲಿಟ್ಟು, ಪಕ್ಕದಲ್ಲಿ ಆ ದಿನದ ತೇವದ ಅಳತೆ ಬರೆದಿಟ್ಟರೆ 2 ಇದ್ದದ್ದು 5 ಆಗಬಹುದು. ಆಗ ಗುಣಲಬ್ಧ 100. ಸಂಬಳ, ಊಟ, ಭಾಷಣ ಯಾವುದನ್ನೂ ಮುಟ್ಟಿಲ್ಲ.

ಒಂದು ಕೊರತೆ: ಗುಣಾಕಾರವನ್ನು ವೇದವಾಕ್ಯದಂತೆ ಹೇಳುತ್ತಾರೆ. ಐದನ್ನೂ ಸುಮ್ಮನೆ ಕೂಡಿದರೂ ಫಲ ಅಷ್ಟೇ ಚೆನ್ನಾಗಿ ಸಿಗುತ್ತದೆಂದು ಆಮೇಲಿನ ಸಂಶೋಧನೆಗಳು ತೋರಿಸಿವೆ. ಹಾಗಾಗಿ 40, 100 ಎಂಬುದನ್ನು ಎಲ್ಲಿ ಕೈಹಾಕಬೇಕೆಂದು ತಿಳಿಯಲು ಬಳಸಿ, ಎರಡು ವಿಭಾಗಗಳ ನಡುವೆ ಪಂದ್ಯ ಕಟ್ಟಬೇಡಿ.

ಮೊದಲ ದಿನದ ಬಗ್ಗೆ ಇಷ್ಟು ಒಳ್ಳೆಯ ಮಾತಿಲ್ಲ. ಉಪನ್ಯಾಸದಲ್ಲಿ ಶಿಕಾಗೋ ಬಳಿಯ ಹಾಥಾರ್ನ್ ಕಾರ್ಖಾನೆಯಲ್ಲಿ ಕಾರ್ಮಿಕರ ಉತ್ಪಾದನೆಯ ಮೇಲೆ ನಡೆದ ಪ್ರಯೋಗಗಳು (1924ರಿಂದ 1932) ಬರುತ್ತವೆ, "ಗಮನ ಕೊಟ್ಟರೆ ಸಾಕು, ಉತ್ಪಾದನೆ ಏರುತ್ತದೆ" ಎಂಬ ಹಳೆಯ ತೀರ್ಮಾನದೊಂದಿಗೆ. ರಿಲೇ (ಟೆಲಿಫೋನಿನ ಸ್ವಿಚ್) ಜೋಡಿಸುವ ಐದು ಹೆಂಗಸರಿಗೆ ಕೂಲಿ ಲೆಕ್ಕ ದೊಡ್ಡ ವಿಭಾಗದ ಬದಲು ಅವರದೇ ಸಣ್ಣ ಗುಂಪಿನ ಉತ್ಪಾದನೆಗೆ ಬದಲಾಗಿತ್ತು, ನಡುವೆ ಇಬ್ಬರನ್ನು ತೆಗೆದು ಬೇರೆಯವರನ್ನು ಹಾಕಿದ್ದರು ಎಂಬುದು ಸ್ಲೈಡಿನಲ್ಲಿಲ್ಲ. ಕೆ.ಜಿ. ಲೆಕ್ಕದಲ್ಲಿ ಅಡಿಕೆ ಸುಲಿಸಿದವರಿಗೆ ಕೂಲಿಯ ಲೆಕ್ಕ ಬದಲಾದರೆ ಕೈಯ ವೇಗ ಏನಾಗುತ್ತದೆಂದು ಯಾರೂ ಬಿಡಿಸಿ ಹೇಳಬೇಕಿಲ್ಲ.

ಪ್ರಶ್ನಾವಳಿಯ ಕನ್ನಡವೇ ದೊಡ್ಡ ತೊಡಕು. "ನನ್ನ ಕೆಲಸದಲ್ಲಿ ಸ್ವಾತಂತ್ರ್ಯವಿಲ್ಲ ಎಂಬುದನ್ನು ನಾನು ಒಪ್ಪುವುದಿಲ್ಲ" ಎಂಬ ಧಾಟಿಯ ವಾಕ್ಯಕ್ಕೆ "ಒಪ್ಪುವುದಿಲ್ಲ" ಎಂದು ಟಿಕ್ ಹಾಕಿದವನ ಅಭಿಪ್ರಾಯ ಏನು? ಹೀಗೆ ಉಲ್ಟಾ ಕೇಳಿದ ತಿರುವು ಪ್ರಶ್ನೆಗಳ ಅಂಕವನ್ನು 8ರಿಂದ ಕಳೆದು ಮಗುಚಬೇಕು. ಮಗುಚದೆ ಸರಾಸರಿ ತೆಗೆದರೆ ಎಲ್ಲವೂ 4ರ ಸುತ್ತ ಬಂದು ನಿಲ್ಲುತ್ತದೆ. ಓದಲು ಕಷ್ಟಪಡುವವರಿಗೆ ಸೂಪರ್‌ವೈಸರೇ ಓದಿ ಹೇಳಿದರೆ ಎಲ್ಲರದ್ದೂ 6. ಅದೂ ಮಲೆನಾಡಿನಲ್ಲಿ! ಇಲ್ಲಿ "ಹೇಗಿದೆ ಕೆಲಸ?" ಅಂದರೆ "ಅಡ್ಡಿಲ್ಲ" ಅನ್ನುತ್ತಾರೆ. ಅದು ಚೆನ್ನಾಗಿದೆ ಎಂದೂ ಆಗಬಹುದು, ಸಹಿಸಿಕೊಂಡಿದ್ದೇನೆ ಎಂದೂ, ಈ ಮಾತು ಬಿಡಿ ಎಂದೂ ಆಗಬಹುದು. "ಕೆಲಸ ತೃಪ್ತಿಕರವೇ" ಎನ್ನುವ ಬದಲು "ಕಳೆದ ವಾರ ಮಷಿನ್ ಕೆಟ್ಟಾಗ ನಿಲ್ಲಿಸುವ ತೀರ್ಮಾನ ಯಾರದು" ಎಂದು ಕೇಳಿದರೆ ಉತ್ತರಕ್ಕೆ ತೂಕ ಬರುತ್ತದೆ.

ವರದಿಯಲ್ಲಿ ಎರಡು ಗಂಭೀರ ದೋಷ. ಬಳಲಿಕೆಯನ್ನು ಮನಶ್ಶಾಸ್ತ್ರಜ್ಞೆ ಮಾಸ್ಲಾಕ್ ಅವರ 22 ಪ್ರಶ್ನೆಗಳ ಪಟ್ಟಿಯಿಂದ ಅಳೆದು ಒಂದೇ ಅಂಕವಾಗಿ ಕೂಡಿದ್ದಾರೆ. ಆ ಪಟ್ಟಿಯಲ್ಲಿ ಮೂರು ಬೇರೆ ಅಳತೆಗಳಿವೆ: ಭಾವನೆಯ ಬಳಲಿಕೆ, ಜನರ ಬಗ್ಗೆ ಮರಗಟ್ಟಿದ ಭಾವ, ಸಾಧನೆಯ ಅನಿಸಿಕೆ. ಮೂರನೆಯದರಲ್ಲಿ ಹೆಚ್ಚು ಅಂಕ ಒಳ್ಳೆಯದು, ಮೊದಲೆರಡರಲ್ಲಿ ಕೆಟ್ಟದ್ದು. ಕೂಡಿದರೆ ಉಪ್ಪು ಸಕ್ಕರೆ ಒಟ್ಟಿಗೆ ತೂಗಿದಂತೆ.

ಇನ್ನೊಂದು ಗೌಪ್ಯತೆ. ಹೆಸರು ಕೇಳುವುದಿಲ್ಲ, ನಿಜ. ವಿಭಾಗ, ವಯಸ್ಸು, ಲಿಂಗ, ಸೇವಾವಧಿ ಕೇಳುತ್ತಾರೆ. ನಾಲ್ಕೇ ಜನರಿರುವ ಪ್ಯಾಟರ್ನ್ (ಅಚ್ಚಿಗೆ ಬೇಕಾದ ಮಾದರಿ ಮಾಡುವ) ವಿಭಾಗದಲ್ಲಿ ಐವತ್ತು ದಾಟಿದವರು ಒಬ್ಬರೇ ಇದ್ದರೆ ಹೆಸರು ಯಾಕೆ ಬೇಕು? ಹತ್ತಕ್ಕಿಂತ ಕಡಿಮೆ ಜನರ ಗುಂಪನ್ನು ಪ್ರತ್ಯೇಕವಾಗಿ ತೋರಿಸಬಾರದೆಂದು ಕರಾರಿನಲ್ಲೇ ಬರೆಸಿಕೊಳ್ಳಿ.

ಪ್ಯಾಕೇಜಿನ ಜತೆ ನೇಮಕಾತಿ ಸಂದರ್ಶನಕ್ಕೆಂದು ಕೊಡುವ ಕೈಪಿಡಿ ಅಡ್ಡಿಲ್ಲ (ಒಳ್ಳೆಯ ಅರ್ಥದಲ್ಲಿ). ಎಲ್ಲರಿಗೂ ಅದೇ ಪ್ರಶ್ನೆ, ಅದೇ ಕ್ರಮ, ಅಲ್ಲೇ ಅಂಕ, ಜತೆಗೆ ಅರ್ಧ ಗಂಟೆಯ ಕೆಲಸದ ಪರೀಕ್ಷೆ. ಊರು, ಮನೆತನ ವಿಚಾರಿಸುವ ಸಂದರ್ಶನಕ್ಕಿಂತ ಎಷ್ಟೋ ಮೇಲು.

ಕರೆಸುವುದಾದರೆ ಕನ್ನಡ ಪ್ರಶ್ನಾವಳಿಯನ್ನು ಮೊದಲೇ ತರಿಸಿ ಐದಾರು ಕಾರ್ಮಿಕರಿಂದ ಜೋರಾಗಿ ಓದಿಸಿ ನೋಡಿ. ಮೂರು ತಿಂಗಳ ನಂತರದ ಮರುಭೇಟಿ ಪ್ಯಾಕೇಜಿನಲ್ಲಿಲ್ಲ, ಅದನ್ನು ಕೇಳಿ ಸೇರಿಸಿಕೊಳ್ಳಿ. ನವೆಂಬರ್, ಡಿಸೆಂಬರ್ ಬೇಡ. ತೀರ್ಥಹಳ್ಳಿ, ಹೊಸನಗರ ಕಡೆಯವರು ಅಡಿಕೆ ಕೊನೆ ಕೊಯ್ಲಿಗೆ ಊರಿಗೆ ಹೋಗಿರುತ್ತಾರೆ, ವರದಿ ಅದನ್ನು "ಬದ್ಧತೆಯ ಕೊರತೆ" ಎಂದು ಬರೆದುಬಿಡುತ್ತದೆ. ಫೆಬ್ರವರಿ ಕೊನೆಗೆ ಇಟ್ಟುಕೊಳ್ಳಿ. ಶಿವಮೊಗ್ಗದ ಕೋಟೆ ಮಾರಿಕಾಂಬಾ ಜಾತ್ರೆಯ ವರ್ಷವಾದರೆ ಆ ವಾರ ಬಿಟ್ಟು.