ಕ್ರಂಬಲ್‌ಗೆ ಯಾವ ಸೇಬು? ಮೂರು ತಳಿ ಕಿತ್ತು, ಬೇಯಿಸಿ ನೋಡಿದ ಹೋಲಿಕೆ

ಹಾಗೇ ಕಚ್ಚಿ ತಿನ್ನೋಕೆ ಸೊಗಸಾಗಿರುವ ಸೇಬು ಓವನ್ನಿಗೂ ಹೊಂದುತ್ತದೆ ಅಂತೇನಿಲ್ಲ. ಅದಕ್ಕೇ ಶರತ್ಕಾಲದಲ್ಲಿ ನಾನೇ ಮರದಿಂದ ಕಿತ್ತ ಮೂರು ತಳಿಗಳನ್ನು ಒಂದೇ ಅಳತೆ, ಒಂದೇ ಬಿಸಿಯಲ್ಲಿ ಬೇಯಿಸಿ ನೋಡಿದೆ.

ಮಾಡಿದ್ದು ಸರಳವಾದ ಆಪಲ್ ಕ್ರಂಬಲ್, ಅಂದರೆ ಸೇಬಿನ ಹೋಳಿನ ಮೇಲೆ ಹಿಟ್ಟು, ಬೆಣ್ಣೆ, ಸಕ್ಕರೆಯ ಉದುರು ಪದರ ಹರಡಿ ಓವನ್ನಿನಲ್ಲಿ ಬೇಯಿಸುವ ಸಿಹಿತಿಂಡಿ. ಒಂದು ಕಿಲೋ ಸೇಬಿನ ಸಿಪ್ಪೆ ತೆಗೆದು ದಪ್ಪ ಹೋಳು ಮಾಡಿ, ಎರಡು ಚಮಚ ಸಕ್ಕರೆ, ಸ್ವಲ್ಪ ಚಕ್ಕೆ ಪುಡಿ ಬೆರೆಸಬೇಕು. ಮೇಲೆ ಉದುರಿಸಲು 150 ಗ್ರಾಂ ಮೈದಾ, 75 ಗ್ರಾಂ ತಣ್ಣನೆಯ ಬೆಣ್ಣೆ, 75 ಗ್ರಾಂ ಸಕ್ಕರೆ. ಬೆರಳ ತುದಿಯಲ್ಲಿ ತಿಕ್ಕಿ ಉದುರುದುರಾಗಿ ಮಾಡಿಕೊಂಡರೆ ಸಾಕು. 180 ಡಿಗ್ರಿ ಸೆಲ್ಸಿಯಸ್‌ನಲ್ಲಿ 40ರಿಂದ 45 ನಿಮಿಷ.

ಮೂರರಲ್ಲಿ ಮೊದಲು ಹಣ್ಣಾಗುವುದು ಕೆನಡಾದ ಒಂಟಾರಿಯೋ ಮೂಲದ ಮೆಕಿಂಟಾಷ್. ಉತ್ತರ ಗೋಳಾರ್ಧದಲ್ಲಿ ಸೆಪ್ಟೆಂಬರ್‌ಗೇ ಸಿಗುತ್ತದೆ. ಘಮದಲ್ಲಿ ಇದನ್ನು ಮೀರಿಸುವುದು ಉಳಿದೆರಡರಲ್ಲೂ ಇಲ್ಲ. ಆದರೆ ತಿರುಳು ತುಂಬಾ ಮೃದು. ಅರ್ಧ ಗಂಟೆಗೆಲ್ಲ ಹೋಳು ಕರಗಿ, ರಸ ಅಂಚಿನಲ್ಲಿ ಕುದಿದು ಮೇಲಿನ ಪದರವನ್ನೂ ನೆನೆಸಿಬಿಡುತ್ತದೆ. ಬಿಸಿಬಿಸಿಯಾಗಿ ತಿಂದರೆ ರುಚಿ ಅದ್ಭುತ. ಮರುದಿನಕ್ಕೆ ಮಾತ್ರ ಇಡಬೇಡಿ, ಗರಿಗರಿ ಅನ್ನುವುದು ಒಂಚೂರೂ ಉಳಿದಿರುವುದಿಲ್ಲ.

ಗ್ರ್ಯಾನಿ ಸ್ಮಿತ್ ಇದಕ್ಕೆ ಪೂರಾ ಉಲ್ಟಾ. 1868ರಲ್ಲಿ ಆಸ್ಟ್ರೇಲಿಯಾದಲ್ಲಿ ಮರಿಯಾ ಆನ್ ಸ್ಮಿತ್ ಅವರ ಜಾಗದಲ್ಲಿ ತಾನಾಗಿ ಹುಟ್ಟಿದ ಗಿಡ ಇದರ ಮೂಲ. ಹಣ್ಣಾದರೂ ಹಸಿರಾಗೇ ಇರುವುದರಿಂದ ಬಣ್ಣ ನೋಡಿ ಕೀಳೋದು ಕಷ್ಟ. ಒಂದನ್ನು ಕೊಯ್ದು ನೋಡಿ, ಬೀಜ ಕಂದಾಗಿದ್ದರೆ ಹದ ಬಂದಿದೆ. ಬೆಂದ ಮೇಲೂ ಹೋಳು ಹೋಳಾಗಿಯೇ ಉಳಿಯುತ್ತದೆ. ಹುಳಿ ಜಾಸ್ತಿ, ಇನ್ನೊಂದು ಚಮಚ ಸಕ್ಕರೆ ಬೇಕೇ ಬೇಕು. ಮರುದಿನ ತಣ್ಣಗೆ ತಿನ್ನುವುದಾದರೆ ನನ್ನ ಓಟು ಇದಕ್ಕೇ.

ನನ್ನನ್ನು ಹೆಚ್ಚು ಕಾಡಿದ್ದು ಗೋಲ್ಡನ್ ಡೆಲಿಷಿಯಸ್. ಅಮೆರಿಕದ ವೆಸ್ಟ್ ವರ್ಜೀನಿಯಾದ ತಳಿ. ಹೆಸರಲ್ಲಿ ಹೋಲಿಕೆ ಇದ್ದರೂ ರೆಡ್ ಡೆಲಿಷಿಯಸ್‌ಗೂ ಇದಕ್ಕೂ ನಂಟಿಲ್ಲ. ಇದರ ರುಚಿ ಯಾವಾಗ ಕೀಳುತ್ತೀರಿ ಅನ್ನುವುದರ ಮೇಲೆ ನಿಂತಿದೆ. ಒಂದೇ ಮರದಲ್ಲಿ ಹೊರಗಿನ, ಬಿಸಿಲು ಬೀಳುವ ಕೊಂಬೆಯ ಹಣ್ಣು ಪೂರಾ ಹಳದಿಯಾಗಿತ್ತು. ಒಳಗಿನ ನೆರಳಿನದ್ದಕ್ಕೆ ಇನ್ನೂ ತಿಳಿಹಸಿರು ಛಾಯೆ. ಎರಡನ್ನೂ ಬೇರೆ ಬೇರೆ ಬೇಯಿಸಿದೆ. ಹಳದಿಯದ್ದು ಬರೀ ಸಿಹಿ, ಮೆತ್ತಗೆ, ಸ್ವಲ್ಪ ಸಪ್ಪೆ ಅಂತಲೂ ಅನ್ನಿಸಿತು. ತಿಳಿಹಸಿರಿನದ್ದರಲ್ಲಿ ಹುಳಿಯೂ ಇತ್ತು, ಹೋಳೂ ಚಮಚದಲ್ಲಿ ಒತ್ತಿದಾಗಲಷ್ಟೇ ಮುರಿಯಿತು.

ತೀರಾ ಎಳೆಯದನ್ನು ಕೀಳಬೇಕಿಲ್ಲ. ಹಣ್ಣನ್ನು ಅಂಗೈಯಲ್ಲಿ ಹಿಡಿದು ಮೇಲಕ್ಕೆತ್ತಿ ಸುಮ್ನೆ ಒಂದು ಸುತ್ತು ತಿರುಗಿಸಿ. ತೊಟ್ಟಿನ ಸಮೇತ ಕಳಚಿಕೊಂಡರೆ ಸರಿ. ಜಗ್ಗಬೇಕಾಗಿ ಬಂದರೆ ಬಿಟ್ಟುಬಿಡಿ. ಜಗ್ಗಿದರೆ ಮುಂದಿನ ವರ್ಷ ಹೂ ಬಿಡಬೇಕಾದ ಗಿಡ್ಡ ಕವಲೂ ಮುರಿದು ಬರುತ್ತದೆ, ಮರಕ್ಕೆ ಅದು ನಷ್ಟ ಅಲ್ವಾ?

ಒಂದೇ ತಳಿ ಆರಿಸು ಅಂದರೆ ತಿಳಿಹಸಿರಿನ ಗೋಲ್ಡನ್ ಡೆಲಿಷಿಯಸ್. ಮೆಕಿಂಟಾಷ್, ಗ್ರ್ಯಾನಿ ಸ್ಮಿತ್ ಬೆರೆಸಿದರೆ ಹುಳಿ, ಘಮ ಎರಡೂ ಸಿಗುತ್ತದೆ ನಿಜ. ಆದರೆ ಒಂದು ಋತುವಿನ ಶುರುವಿನದು, ಇನ್ನೊಂದು ಕೊನೆಯದು, ಒಂದೇ ದಿನ ಎರಡನ್ನೂ ಕೀಳೋಕೆ ಆಗುವುದಿಲ್ಲ. ಹಾಗಾಗಿ ಮೆಕಿಂಟಾಷ್ ಒಂದಷ್ಟನ್ನು ಫ್ರಿಜ್ಜಿನಲ್ಲಿಟ್ಟು, ಗೋಲ್ಡನ್ ಬರುವವರೆಗೆ ಕಾಯುತ್ತೇನೆ. ಎರಡು ಪಾಲು ಗೋಲ್ಡನ್, ಒಂದು ಪಾಲು ಮೆಕಿಂಟಾಷ್. ಬೇಗ ಕರಗುವ ಮೆಕಿಂಟಾಷ್ ತಳಕ್ಕೆ, ಗೋಲ್ಡನ್ ಮೇಲಕ್ಕೆ. ಓವನ್ನಿನಿಂದ ತೆಗೆದ ಮೇಲೆ ಹದಿನೈದು ನಿಮಿಷ ಹಾಗೇ ಬಿಟ್ಟರೆ ರಸ ಗಟ್ಟಿಯಾಗಿ ಹೋಳುಗಳಿಗೆ ಅಂಟಿಕೊಳ್ಳುತ್ತದೆ.