‘ದಿ ಇನ್‌ಕ್ರೆಡಿಬಲ್ಸ್’: ಕ್ಲೇಮು ವಿಭಾಗದಿಂದ ಒಂದು ಮರುನೋಟ

ಮೋಟಾರು ವಿಮೆಯ ಕ್ಲೇಮು ವಿಭಾಗದಲ್ಲಿ ಇಪ್ಪತ್ತೇಳು ವರ್ಷ ಕಳೆದಿದ್ದೇನೆ. ಕಂಪನಿಯ ಹೆಸರು ಬೇಡ, ನಿವೃತ್ತಿಗೆ ಇನ್ನೂ ನಾಲ್ಕು ವರ್ಷವಿದೆ. ಸೂಪರ್‌ಹೀರೋ ಚಿತ್ರದ ವಿಮರ್ಶೆಗೆ ಇದೆಂಥ ಪೀಠಿಕೆ ಎನ್ನಬೇಡಿ. 2004ರಲ್ಲಿ ಅನಿಮೇಷನ್ ಸ್ಟುಡಿಯೋ ಪಿಕ್ಸಾರ್ ತಯಾರಿಸಿದ ‘ದಿ ಇನ್‌ಕ್ರೆಡಿಬಲ್ಸ್’ ಚಿತ್ರದ ನಾಯಕ ಬಾಬ್ ಪಾರ್ ಕೂಡ ವಿಮಾ ಕಂಪನಿಯ ಗುಮಾಸ್ತ. ಈ ಸಂಗತಿ ನನ್ನ ತಲೆಗೆ ಸರಿಯಾಗಿ ಇಳಿದದ್ದು ಈ ದೀಪಾವಳಿಯಲ್ಲಿ, ಎರಡು ದಶಕಗಳ ನಂತರ.

ಮೊದಲ ಸಲ ನೋಡಿದಾಗ ಮಗನಿಗೆ ಆರು ವರ್ಷ. ಶಿವಮೊಗ್ಗದ ಬಾಡಿಗೆ ಅಂಗಡಿಯೊಂದರಿಂದ ತಂದ ಹಿಂದಿ ವಿಸಿಡಿ, ಒಂದು ಪೊಟ್ಟಣದಲ್ಲಿ ಎರಡು ತಟ್ಟೆ. ಹಿಂದಿಯಲ್ಲಿ ಅದರ ಹೆಸರು ‘ಹಮ್ ಹೈ ಲಾಜವಾಬ್’. ನಾಯಕನಿಗೆ ಶಾರುಖ್ ಖಾನ್ ದನಿ, ಮಿಂಚಿನಂತೆ ಓಡುವ ಹುಡುಗನಿಗೆ ಅವರ ಮಗ ಆರ್ಯನ್ ದನಿ. ಮೊದಲ ತಟ್ಟೆಯ ಮೇಲೆ ಉದ್ದಕ್ಕೊಂದು ಗೀರು. ಬಾಬ್ ಕಚೇರಿಯ ಕುರ್ಚಿಯಲ್ಲಿ ಕುಳಿತನೋ ಇಲ್ಲವೋ, ಚಿತ್ರ ಚೌಕಚೌಕವಾಗಿ ಒಡೆದು, ಎರಡು ಸಲ ಕೆಮ್ಮಿ, ನೇರವಾಗಿ ಅವನ ಮನೆಗೆ ಹಾರುತ್ತಿತ್ತು. ಅದೇ ಪೊಟ್ಟಣವನ್ನು ಮಗನಿಗಾಗಿ ಎಷ್ಟು ಸಲ ಬಾಡಿಗೆಗೆ ತಂದೆನೋ! ಗೀರು ಮಾತ್ರ ಅಲ್ಲೇ ಇತ್ತು. ಹಾಗಾಗಿ ಕಚೇರಿಯ ದೃಶ್ಯ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಈಗ ಇಪ್ಪತ್ತಾರರ ಮಗ ಬೆಂಗಳೂರಿನಿಂದ ಬಂದವನು ಟಿವಿಯಲ್ಲಿ ಇಂಗ್ಲಿಷಿನದೇ ಹಾಕಿದ. ಶುರುವಾದ ಹತ್ತೇ ನಿಮಿಷಕ್ಕೆ ನಾನು ಎದ್ದು ಕುಳಿತೆ. ಸೂಪರ್‌ಹೀರೋಗಳು ಸೋತು ಮೂಲೆ ಸೇರುವುದು ಯಾವ ಖಳನಿಂದಲೂ ಅಲ್ಲ, ಪರಿಹಾರದ ದಾವೆಗಳಿಂದ! ಸಾಯಲು ಕಟ್ಟಡದಿಂದ ಹಾರಿದವನನ್ನು ಬಾಬ್ ಕಾಪಾಡುತ್ತಾನೆ. ಆ ಮನುಷ್ಯ ಪೆಟ್ಟಾಯಿತೆಂದು ಕೋರ್ಟಿಗೆ ಹೋಗುತ್ತಾನೆ. ಅವನು ತಡೆದು ನಿಲ್ಲಿಸಿದ ರೈಲಿನಲ್ಲಿ ಗಾಯಗೊಂಡವರೂ ಹಿಂದೆಯೇ ಬರುತ್ತಾರೆ. ಹಣ ಕಟ್ಟಿ ಕಟ್ಟಿ ಸಾಕಾದ ಸರ್ಕಾರ ಈ ವೀರರನ್ನೆಲ್ಲ ಸಾಮಾನ್ಯರ ವೇಷದಲ್ಲಿ ಬಚ್ಚಿಡುತ್ತದೆ. ಥರ್ಡ್ ಪಾರ್ಟಿ ಕ್ಲೇಮಿನಿಂದ, ಅಂದರೆ ಪೆಟ್ಟಾದ ಮೂರನೆಯವರು ಕೇಳುವ ಪರಿಹಾರದಿಂದ, ಕೆಲಸ ಕಳೆದುಕೊಂಡವನನ್ನು ತಂದು ಕೂರಿಸಿದ್ದು ವಿಮಾ ಕಂಪನಿಯಲ್ಲಿ. ಕಥೆ ಬರೆದು ನಿರ್ದೇಶಿಸಿದ ಬ್ರಾಡ್ ಬರ್ಡ್ ಅವರಿಗೆ ಇದು ಹೇಗೆ ಹೊಳೆಯಿತೋ, ನಮ್ಮ ಕ್ಯಾಂಟೀನಿನಲ್ಲಿ ಕುಳಿತು ಬರೆದಂತಿದೆ.

ಇನ್ನು ಆ ಗೀರು ನುಂಗಿದ್ದ ದೃಶ್ಯ. ಕ್ಲೇಮು ತಿರಸ್ಕೃತವಾದ ಮುದುಕಿಯೊಬ್ಬಳು ಬಾಬ್‌ನ ಎದುರು ಕುಳಿತಿದ್ದಾಳೆ. ಅವನು ಅತ್ತಿತ್ತ ನೋಡಿ ದನಿ ತಗ್ಗಿಸುತ್ತಾನೆ. ಮೂರನೆಯ ಮಹಡಿಯಲ್ಲಿ ಇಂಥವರ ಬಳಿಗೆ ಪಾಲಿಸಿಯ ಪ್ರತಿ ಒಯ್ಯಿರಿ ಎಂದು ಹೇಳುವ ಆಸೆ, ಆದರೆ ಹೇಳುವಂತಿಲ್ಲ; ಎರಡನೆಯ ಮಹಡಿಯ ಕಾನೂನು ವಿಭಾಗಕ್ಕೆ ಡಬ್ಲ್ಯುಎಸ್ 2475 ಫಾರಂ ತುಂಬಿ ಕೊಡಿ ಎಂದು ಸಲಹೆಯನ್ನೂ ಕೊಡುವಂತಿಲ್ಲ ಎನ್ನುತ್ತಾನೆ. ಮುದುಕಿ ಗಬಗಬನೆ ಬರೆದುಕೊಳ್ಳುತ್ತಾಳೆ. ಕೊನೆಗೆ, ಬೇಜಾರಾದವರಂತೆ ನಟಿಸಿ ಎಂದು ಪಿಸುಗುಟ್ಟಿ, ಪಕ್ಕದವರಿಗೆಲ್ಲ ಕೇಳುವಂತೆ ಕ್ಷಮೆ ಕೇಳುತ್ತಾನೆ. ಇಡೀ ಚಿತ್ರದಲ್ಲಿ ಅವನು ರೈಲು ತಡೆಯುತ್ತಾನೆ, ಕಾರು ಎತ್ತುತ್ತಾನೆ. ನನ್ನ ಲೆಕ್ಕದಲ್ಲಿ ಅವನ ದೊಡ್ಡ ಸಾಹಸ ಈ ಪಿಸುಮಾತು. ಎಫ್‌ಐಆರ್ ಪ್ರತಿ ಇಲ್ಲ, ನಷ್ಟ ಅಂದಾಜಿಸುವ ಸರ್ವೇಯರ್ ವರದಿ ತಡ ಎಂದು ವಾಪಸು ಹೋಗುವವರ ಬೆನ್ನನ್ನು ದಿನಕ್ಕೆ ಹತ್ತು ಸಲ ನೋಡುವವರಿಗೆ ಮಾತ್ರ ಇದು ಅರ್ಥವಾಗುತ್ತದೆ ಎಂದು ಬೀಗುವುದಿಲ್ಲ. ಆದರೆ ನಮಗೆ ಸ್ವಲ್ಪ ಹೆಚ್ಚು ಅರ್ಥವಾಗುತ್ತದೆ.

ಅವನ ಮೇಲಧಿಕಾರಿ ಕುಳ್ಳ ಹಫ್‌ನ ದೂರು ಕೇಳಿ: ಗ್ರಾಹಕರಿಗೆ ನಮ್ಮ ಒಳದಾರಿಗಳೆಲ್ಲ ತಿಳಿದುಹೋಗಿವೆ! ಕಂಪನಿಯೆಂದರೆ ಗಡಿಯಾರ, ಹಲ್ಲಿಗೆ ಹಲ್ಲು ಕೂಡಬೇಕು ಎಂಬ ಪ್ರವಚನ ಬೇರೆ. ಮಾತಿನ ನಡುವೆ ಮೇಜಿನ ಮೇಲಿನ ಪೆನ್ಸಿಲುಗಳನ್ನು ನೇರ ಮಾಡುತ್ತಾನೆ. ಆ ಪೆನ್ಸಿಲುಗಳನ್ನು ಕಂಡು ನಾನು ಒಬ್ಬನೇ ಗಟ್ಟಿಯಾಗಿ ನಕ್ಕೆ. ಹೊರಗೆ ಯಾರನ್ನೋ ದರೋಡೆ ಮಾಡುತ್ತಿರುವುದು ಕಿಟಕಿಯಲ್ಲಿ ಕಾಣಿಸಿದರೆ, ಅವನು ನಮ್ಮ ಪಾಲಿಸಿದಾರನಾಗಿರದಿದ್ದರೆ ಸಾಕು ಎನ್ನುವ ಪ್ರಾಣಿ ಇದು. ಬಾಬ್ ಅವನನ್ನು ಗೋಡೆಗಳ ಆಚೆಗೆ ಎಸೆದಾಗ ತಪ್ಪೆನ್ನಿಸಲಿಲ್ಲ. ತಪ್ಪೆಂದು ಬರೆಯಬೇಕಾಗುತ್ತದೆ, ಬರೆದಿದ್ದೇನೆ.

ಇನ್ನೊಂದು ಮಾತು. ಹಿಂದಿಯಲ್ಲಿ ಶಾರುಖ್ ದನಿ ಕೇಳುವಾಗ ಬಾಬ್ ಯಾವಾಗಲೂ ಹೀರೋ ಆಗಿಯೇ ಇದ್ದ. ಇಂಗ್ಲಿಷಿನಲ್ಲಿ ಕ್ರೇಗ್ ಟಿ. ನೆಲ್ಸನ್ ಅವರ ದನಿಯಲ್ಲಿ ಸಂಜೆ ಆರರ ದಣಿವಿದೆ. ಹೊಟ್ಟೆ ಬಂದ, ಕೂದಲು ಹಿಂದೆ ಸರಿದ, ಪುಟ್ಟ ಕಾರಿನಲ್ಲಿ ಮಡಚಿಕೊಂಡು ಕುಳಿತ ಮನುಷ್ಯನಿಗೆ ಈ ದನಿಯೇ ಸರಿ. ಮಕ್ಕಳ ಜೊತೆ ಕೂರುವವರು ಹಿಂದಿಯಲ್ಲಿ ನೋಡಿ, ನಲವತ್ತು ದಾಟಿದವರು ಇಂಗ್ಲಿಷಿನಲ್ಲಿ.

ಇಷ್ಟೆಲ್ಲ ಬಾಬ್‌ನ ಪಕ್ಷ ವಹಿಸಿ ಕುಳಿತಿದ್ದೆ. ನನ್ನ ಹೆಂಡತಿ ಅದನ್ನು ಒಂದೇ ಮಾತಿನಲ್ಲಿ ಕೆಡಿಸಿದಳು. ಗಂಡನನ್ನು ಹುಡುಕಿ ಹೋದ ಬಾಬ್‌ನ ಹೆಂಡತಿ ಹೆಲೆನ್ ಖಳನ ದ್ವೀಪದ ನೆಲೆಯಲ್ಲಿ ಜಾರುಬಾಗಿಲುಗಳ ನಡುವೆ ಸಿಕ್ಕಿಬಿದ್ದು, ಕೈ ಒಂದು ಕಡೆ ಕಾಲು ಇನ್ನೊಂದು ಕಡೆ ರಬ್ಬರಿನಂತೆ ಎಳೆದುಕೊಂಡೇ ಕಾವಲುಗಾರರನ್ನು ಬಡಿಯುವ ದೃಶ್ಯ. “ಕೆಲಸ ಹೋದದ್ದನ್ನು ಮನೆಯಲ್ಲಿ ಹೇಳಿದ್ದರೆ ಆ ಹೆಂಗಸು ಇಷ್ಟು ದೂರ ಹಿಗ್ಗಬೇಕಾಗಿತ್ತೇನ್ರೀ?” ಎಂದಳು. ನಿಜ. ಬಾಬ್ ಕೆಲಸ ಕಳೆದುಕೊಂಡದ್ದನ್ನು ಮುಚ್ಚಿಡುತ್ತಾನೆ, ಬೌಲಿಂಗಿಗೆ ಹೋಗುತ್ತೇನೆಂದು ಸುಳ್ಳು ಹೇಳಿ ಪೊಲೀಸ್ ರೇಡಿಯೋ ಕೇಳುತ್ತ ಕೂರುತ್ತಾನೆ. ಇತ್ತ ಊಟದ ಮೇಜಿನ ಮೇಲೆ ಹೊಡೆದಾಡುವ ಮಕ್ಕಳನ್ನು ಎರಡೂ ಕೈ ಚಾಚಿ ಹಿಡಿದವಳು ಅವಳು. ವಿಮಾನದ ಮೇಲೆ ಕ್ಷಿಪಣಿ ಬರುವಾಗ, ಒಳಗೆ ಮಕ್ಕಳಿದ್ದಾರೆ ಎಂದು ಅವಳು ರೇಡಿಯೋದಲ್ಲಿ ಕೂಗುವ ದನಿ, ಹಾಲಿ ಹಂಟರ್ ಅವರದು, ನನಗೆ ಆ ರಾತ್ರಿ ನಿದ್ದೆ ಬರುವವರೆಗೂ ಕೇಳುತ್ತಿತ್ತು. ಅದೇ ದೃಶ್ಯದಲ್ಲಿ ವಿಮಾನ ತನ್ನ ಗುರುತು ‘ಇಂಡಿಯಾ ಗಾಲ್ಫ್ ನೈನರ್ ನೈನರ್’ ಎನ್ನುತ್ತದೆ. ಐ ಅಕ್ಷರಕ್ಕೆ ರೇಡಿಯೋದವರು ಇಂಡಿಯಾ ಎನ್ನುತ್ತಾರಷ್ಟೆ, ನಮ್ಮ ವಿಮಾನವೇನಲ್ಲ ಎಂದು ಮಗ ನನಗೆ ತಿಳಿಸಿಕೊಟ್ಟ.

ಇಪ್ಪತ್ತು ವರ್ಷದಲ್ಲಿ ಚಿತ್ರ ಹಳತಾಗಿಲ್ಲವೇ? ಪೂರ್ತಿ ಮನುಷ್ಯರೇ ಪಾತ್ರಗಳಾದ ಪಿಕ್ಸಾರ್‌ನ ಮೊದಲ ಚಿತ್ರ ಇದು. ಚರ್ಮದಲ್ಲಿ ಪ್ಲಾಸ್ಟಿಕ್ ಹೊಳಪಿದೆ, ಗಮನಿಸಿದರೆ ಕಾಣುತ್ತದೆ. ಆದರೆ ಮುಖಗಳನ್ನು ವ್ಯಂಗ್ಯಚಿತ್ರದಂತೆಯೇ ಬರೆದಿರುವುದರಿಂದ ಎರಡು ನಿಮಿಷಕ್ಕೆ ಮರೆತುಹೋಗುತ್ತದೆ. ಮೈಕಲ್ ಜಿಯಾಕಿನೋ ಅವರ ತುತ್ತೂರಿ ತುಂಬಿದ ಸಂಗೀತಕ್ಕೆ ವಯಸ್ಸೇ ಆಗಿಲ್ಲ. ಆಸ್ಕರ್ ಎರಡು ಬಂದಿವೆ, ಅನಿಮೇಷನ್ ಮತ್ತು ಧ್ವನಿ ಸಂಕಲನಕ್ಕೆ.

ತಕರಾರುಗಳೂ ಇವೆ. ಎಲ್ಲರೂ ಸೂಪರ್ ಆದರೆ ಯಾರೂ ಸೂಪರ್ ಅಲ್ಲ ಎಂಬ ಮಾತನ್ನು ಖಳನ ಬಾಯಲ್ಲಿ ಹೇಳಿಸಿದರೂ, ಚಿತ್ರವೂ ಒಳಗೊಳಗೇ ಅದಕ್ಕೆ ತಲೆಯಾಡಿಸುತ್ತದೆ. ಹುಟ್ಟಿನಿಂದ ಬಂದ ಶಕ್ತಿಗೆ ಗೌರವ, ಬುದ್ಧಿಯಿಂದ ಯಂತ್ರ ಕಟ್ಟಿದವನು ಕೆಟ್ಟವನು. ಇದು ನನಗೆ ರುಚಿಸಲಿಲ್ಲ. ಬಾಬ್‌ನ ಸೂಪರ್‌ಹೀರೋ ಗೆಳೆಯ ಫ್ರೋಜೋನ್‌ನ ಹೆಂಡತಿ ಬರೀ ದನಿಯಾಗಿ ಉಳಿದದ್ದೂ ಅನ್ಯಾಯ. ಐದು ವರ್ಷದೊಳಗಿನ ಮಕ್ಕಳಿಗೆ ತೋರಿಸಬೇಡಿ, ಸಾವಿನ ಮಾತು ನೇರವಾಗಿದೆ. 115 ನಿಮಿಷ, ಊಟ ಮುಗಿಸಿಯೇ ಕುಳಿತುಕೊಳ್ಳಿ. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ, ಹೆಂಡತಿ ಹೆಲೆನ್‌ಗೆ ಐದು, ಬಾಬ್‌ಗೆ ಮೂರು ಕೊಟ್ಟಿದ್ದಾಳೆ.

ಚಿತ್ರ ಮುಗಿದ ಮೇಲೆ ಮಗ ಕೇಳಿದ: “ಅಪ್ಪ, ನಿಮ್ಮ ಆಫೀಸಿನಲ್ಲೂ ಅಂಥದೊಂದು ಫಾರಂ ಇದೆಯಾ?”

“ಹೇಳುವ ಆಸೆ ಇದೆ, ಆದರೆ ಹೇಳುವಂತಿಲ್ಲ,” ಎಂದೆ. ನಮ್ಮ ಶಾಖೆಗೆ ಎರಡನೆಯ ಮಹಡಿಯಂತೂ ಇಲ್ಲ.